ರೋಬೋ ತೋಳಿಗೆ ನಿಮ್ಮದೇ ಟೂಲ್: ಅಳತೆಯಿಂದ ಕೆಲಸದವರೆಗೆ, ಕೊಡಗಿನವರಿಗೆ ಒಂದು ಮಾರ್ಗದರ್ಶಿ

ಸಣ್ಣ ರೋಬೋ ತೋಳುಗಳು ಈಗ ದುಬಾರಿ ವಸ್ತುಗಳಾಗಿ ಉಳಿದಿಲ್ಲ. ಕಾಲೇಜಿನ ಲ್ಯಾಬ್‌ನಲ್ಲಿ, ಅಟಲ್ ಟಿಂಕರಿಂಗ್ ಲ್ಯಾಬ್ ಇರುವ ಶಾಲೆಗಳಲ್ಲಿ, ಆಸಕ್ತಿ ಇರುವವರ ಮನೆಯ ಮೇಜಿನ ಮೇಲೂ ಕಾಣಸಿಗುತ್ತವೆ. ಹೆಚ್ಚಿನವಕ್ಕೆ ಒಂದು ಇಕ್ಕಳ ಜೊತೆಗೇ ಬಂದಿರುತ್ತದೆ. ಆ ಇಕ್ಕಳದಲ್ಲಿ ಥರ್ಮಾಕೋಲ್ ತುಂಡು ಎತ್ತಬಹುದು. ಒಂದು ಕಾಫಿ ಬೀಜ ಎತ್ತಲು ಹೋದರೆ ಜಾರುತ್ತದೆ, ಕಿತ್ತಳೆ ಹಿಡಿಯಲು ಹೋದರೆ ಸಿಪ್ಪೆ ಗಾಯವಾಗುತ್ತದೆ. ಅಲ್ಲಿಗೆ ಎಷ್ಟೋ ಜನ ತೋಳನ್ನು ಬೀರುವಿನ ಮೇಲೆ ಇಟ್ಟುಬಿಡುತ್ತಾರೆ.

ತೋಳಿನ ತಪ್ಪೇನೂ ಇಲ್ಲ. ಎಲ್ಲಿಗೆ ಹೋಗಬೇಕು ಅನ್ನುವುದಷ್ಟೇ ತೋಳಿನ ಕೆಲಸ. ಅಲ್ಲಿಗೆ ಹೋದ ಮೇಲೆ ಕೆಲಸ ಆಗುತ್ತದೋ ಇಲ್ಲವೋ ಅನ್ನುವುದು ತುದಿಯ ಟೂಲ್ ಮೇಲೆ ನಿಂತಿದೆ. ಅದಕ್ಕೇ ನನ್ನ ಸಲಹೆ: ಇನ್ನೂ ದೊಡ್ಡ ತೋಳು ಕೊಳ್ಳಬೇಡಿ. ಇರುವ ತೋಳಿಗೆ ಒಂದು ಒಳ್ಳೆಯ ಜೋಡಣೆ ಪ್ಲೇಟ್ ಮಾಡಿಕೊಳ್ಳಿ, ಆಮೇಲೆ ಅದರ ಮೇಲೆ ಕೂರುವ ಟೂಲ್‌ಗಳನ್ನು ಒಂದೊಂದಾಗಿ ಮಾಡುತ್ತಾ ಹೋಗಿ. ಇಲ್ಲಿ ಆ ಪ್ಲೇಟ್ ಜೊತೆಗೆ ಮೂರು ಟೂಲ್‌ಗಳನ್ನು ವಿವರಿಸುತ್ತೇನೆ: ಬೀಜ ಎತ್ತುವ ಗಾಳಿ ಬಟ್ಟಲು, ಹಣ್ಣು ಹಿಡಿಯುವ ಮೆದು ಬೆರಳು, ಮತ್ತು ಕಾಫಿಪುಡಿ ತುಂಬಿದ ಬಲೂನಿನ ಹಿಡಿ.

ಮೊದಲು ವಸ್ತುವನ್ನು ನೋಡಿ

ಕೊಡಗಿನಲ್ಲಿ ರೋಬೋ ತೋಳು ಅಂದ ಕೂಡಲೇ ಎಲ್ಲರೂ ಕೇಳುವುದು ಕಾಫಿ ಕೊಯ್ಲಿನ ಬಗ್ಗೆ. ಅದನ್ನು ಸದ್ಯಕ್ಕೆ ಬದಿಗಿಡಿ. ಇಳಿಜಾರು ನೆಲ, ನೆರಳು ಮರ, ಎಲೆಗಳ ಅಡ್ಡ, ಒಂದೇ ಗೆಣ್ಣಿನಲ್ಲಿ ಹಸಿರು ಕಾಯಿ ಮತ್ತು ಕೆಂಪು ಹಣ್ಣು ಒಟ್ಟಿಗೆ. ಇದು ಮೇಜಿನ ಮೇಲಿನ ತೋಳಿಗೆ ಆಗುವ ಕೆಲಸವಲ್ಲ.

ಆಗುವ ಕೆಲಸಗಳು ಬೇರೆ ಇವೆ. ಔಟ್‌ಟರ್ನ್ (ಸಂಸ್ಕರಿಸಿದ ಮೇಲೆ ಸಿಗುವ ಶುದ್ಧ ಬೀಜದ ಪ್ರಮಾಣ) ನೋಡಲು ತೆಗೆದ ಸ್ಯಾಂಪಲ್‌ನಲ್ಲಿ ಕಪ್ಪು ಬೀಜ, ಕಾಯಿಕೊರಕ ತೂತು ಮಾಡಿದ ಬೀಜ ಬೇರೆ ಮಾಡುವುದು. ನರ್ಸರಿಯ ಟ್ರೇಯಲ್ಲಿ ಕುಳಿಗೆ ಒಂದರಂತೆ ಬಿತ್ತನೆ ಬೀಜ ಇಡುವುದು. ಕಿತ್ತಳೆಯನ್ನು ಗಾತ್ರ ನೋಡಿ ಪೆಟ್ಟಿಗೆಗೆ ಜೋಡಿಸುವುದು. ಏಲಕ್ಕಿ ಸ್ಯಾಂಪಲ್ ವಿಂಗಡಿಸುವುದು. ಇವೆಲ್ಲ ಒಂದೇ ಜಾಗದಲ್ಲಿ, ಒಂದೇ ಎತ್ತರದಲ್ಲಿ, ಮತ್ತೆ ಮತ್ತೆ ನಡೆಯುವ ಕೆಲಸಗಳು. ಗಂಟೆಗಟ್ಟಲೆ ಕೂತು ಬೀಜ ಆರಿಸುವವರ ಕಣ್ಣಿಗೂ ಬೆನ್ನಿಗೂ ನಿಜವಾದ ಆರಾಮ ಸಿಗುವುದು ಇಂಥ ಕಡೆಯಲ್ಲೇ.

ಕೆಲಸ ಗೊತ್ತಾದ ಮೇಲೆ ಒಂದು ಹಾಳೆಯಲ್ಲಿ ಬರೆಯಿರಿ. ಎತ್ತಬೇಕಾದ ವಸ್ತುವಿನ ತೂಕ ಎಷ್ಟು? ಅತಿ ಚಿಕ್ಕದು ಎಷ್ಟು, ಅತಿ ದೊಡ್ಡದು ಎಷ್ಟು? ಒದ್ದೆಯೋ ಒಣಗಿದ್ದೋ? ಮೇಲ್ಮೈ ನುಣುಪೋ ಒರಟೋ? ಅಮುಕಿದರೆ ಹಾಳಾಗುತ್ತದೆಯೇ? ಅಳತೆಗೆ ವರ್ನಿಯರ್ ಕ್ಯಾಲಿಪರ್ ಮತ್ತು ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು. ಒಂದೇ ವಸ್ತುವನ್ನು ಅಳೆದು ಸುಮ್ಮನಾಗಬೇಡಿ. ರೊಬಸ್ಟಾ ಬೀಜ ಅರೇಬಿಕಾಕ್ಕಿಂತ ಚಿಕ್ಕದು, ಹೆಚ್ಚು ದುಂಡಗೆ. ಪೀಬೆರಿಗೆ, ಅಂದರೆ ಹಣ್ಣಿನೊಳಗೆ ಒಂಟಿಯಾಗಿ ಬೆಳೆದ ಬೀಜಕ್ಕೆ, ಚಪ್ಪಟೆ ಬದಿಯೇ ಇಲ್ಲ. ಒಂದು ಹಿಡಿ ತೆಗೆದು ಹರಡಿ ನೋಡಿದರೆ ಟೂಲ್ ಏನನ್ನೆಲ್ಲ ಸಹಿಸಬೇಕು ಅಂತ ಗೊತ್ತಾಗುತ್ತದೆ.

ಮಣ್ಣು ತುಂಬಿದ ನರ್ಸರಿ ಪಾಲಿಥಿನ್ ಚೀಲವನ್ನು ಎತ್ತುವ ಆಸೆ ಬರುತ್ತದೆ, ಸಹಜ. ಆದರೆ ಅದರ ತೂಕ ಸಣ್ಣ ತೋಳುಗಳ ಶಕ್ತಿ ಮೀರಿದ್ದು. ಯಾಕೆ ಅಂತ ಲೆಕ್ಕ ಹಾಕಿ ನೋಡೋಣ.

ತೂಕದ ಲೆಕ್ಕ

ಈ ಭಾಗವನ್ನು ಹಾರಿಸಬೇಡಿ. ಟೂಲ್ ಚೆನ್ನಾಗಿದ್ದೂ ತೋಳು ನಡುಗುತ್ತದೆ, ಜೋತು ಬೀಳುತ್ತದೆ ಅಂದರೆ ಹತ್ತರಲ್ಲಿ ಒಂಬತ್ತು ಸಲ ಕಾರಣ ಇಲ್ಲಿರುತ್ತದೆ.

ಕಂಪನಿ ಹೇಳುವ ಪೇಲೋಡ್ ಅಂದರೆ ಟೂಲ್ ಮತ್ತು ವಸ್ತು ಎರಡರ ಒಟ್ಟು ತೂಕ. ಡೋಬಾಟ್ ಮೆಜಿಶಿಯನ್ 500 ಗ್ರಾಂ, ಮೈಕೋಬಾಟ್ 280 ಸುಮಾರು 250 ಗ್ರಾಂ ಹೊರುತ್ತದೆ. 250 ಗ್ರಾಂ ತೋಳಿಗೆ 180 ಗ್ರಾಂ ಇಕ್ಕಳ ಹಾಕಿದರೆ ಎತ್ತಲು ಉಳಿಯುವುದು 70 ಗ್ರಾಂ ಮಾತ್ರ.

ಸರ್ವೋ ಮೋಟಾರುಗಳಿಂದ (ಹೇಳಿದ ಕೋನಕ್ಕೆ ತಿರುಗಿ ನಿಲ್ಲುವ ಮೋಟಾರು) ನೀವೇ ಕಟ್ಟಿದ ತೋಳಾದರೆ ಲೆಕ್ಕವನ್ನೂ ನೀವೇ ಹಾಕಬೇಕು. ತೂಕವನ್ನು ದೂರದಿಂದ ಗುಣಿಸಿದರೆ ಟಾರ್ಕ್, ಅಂದರೆ ತಿರುಗಿಸುವ ಬಲ, ಸಿಗುತ್ತದೆ. ಎಲ್ಲ ಕಡೆ ಸಿಗುವ ಎಂಜಿ996ಆರ್ ಸರ್ವೋ 6 ವೋಲ್ಟ್‌ನಲ್ಲಿ ಗರಿಷ್ಠ 11 ಕೆಜಿ-ಸೆಂಮೀ ಟಾರ್ಕ್ ಕೊಡುತ್ತದೆ. ಅದು ಸಿಕ್ಕಿಬಿದ್ದು ನಿಂತಾಗಿನ ಲೆಕ್ಕ. ದಿನವಿಡೀ ಕೆಲಸ ಮಾಡಬೇಕಾದರೆ ಅರ್ಧದೊಳಗೆ, ಅಂದರೆ 5.5ರೊಳಗೆ ಇರಬೇಕು.

ಈಗ ತೋಳು ಪೂರ್ತಿ ಚಾಚಿದಾಗ ಭುಜದಿಂದ ತುದಿಗೆ 30 ಸೆಂಮೀ ಇದೆ ಅಂದುಕೊಳ್ಳಿ. ತೋಳಿನ ಸ್ವಂತ ತೂಕ 250 ಗ್ರಾಂ, ಅದರ ನಡುಬಿಂದು ಭುಜದಿಂದ 15 ಸೆಂಮೀ. ಅದಕ್ಕೇ 3.75 ಕೆಜಿ-ಸೆಂಮೀ ಖರ್ಚಾಯಿತು. ತುದಿಯಲ್ಲಿ 120 ಗ್ರಾಂ ಟೂಲ್, 50 ಗ್ರಾಂ ವಸ್ತು ಇಟ್ಟರೆ 170 ಗ್ರಾಂ ಗುಣಿಸು 30, ಅಂದರೆ 5.1. ಒಟ್ಟು 8.85. ಸರ್ವೋ ಬಿಸಿಯಾಗಿ ಕೆಲವೇ ದಿನದಲ್ಲಿ ಗೇರ್ ಹಲ್ಲು ಹೋಗುತ್ತದೆ. ಅದೇ ತುದಿಯಲ್ಲಿ 40 ಗ್ರಾಂ ಗಾಳಿ ಬಟ್ಟಲು ಇದ್ದು, ಎತ್ತುವುದು ಬರೀ ಕಾಫಿ ಬೀಜವಾದರೆ 1.2 ಸೇರಿ ಒಟ್ಟು 4.95. ಇದು ನಡೆಯುತ್ತದೆ.

ಇದರಿಂದ ಎರಡು ಪಾಠ. ಪಂಪು, ವಾಲ್ವ್, ಬ್ಯಾಟರಿ ಯಾವುದನ್ನೂ ತುದಿಯಲ್ಲಿ ಇಡಬೇಡಿ. ಅವೆಲ್ಲ ತೋಳಿನ ಬುಡದಲ್ಲಿರಲಿ, ತುದಿಗೆ ಬರುವುದು ಬರೀ ಪೈಪು. ಹಾಗೆಯೇ ಟೂಲ್ ಆದಷ್ಟು ಗಿಡ್ಡವಾಗಿರಲಿ. ಪ್ರತಿ ಸೆಂಟಿಮೀಟರ್ ಉದ್ದಕ್ಕೂ ಭುಜದ ಸರ್ವೋ ಬೆಲೆ ತೆರುತ್ತದೆ.

ಜೋಡಣೆ ಪ್ಲೇಟ್

ನಿಮ್ಮದು ಯೂನಿವರ್ಸಲ್ ರೋಬಾಟ್ಸ್ ಕಂಪನಿಯ ತರಹದ ಕೋಬಾಟ್ (ಮನುಷ್ಯರ ಪಕ್ಕದಲ್ಲೇ ಕೆಲಸ ಮಾಡುವ ರೋಬೋ ತೋಳು) ಆದರೆ ತುದಿಯ ಫ್ಲಾಂಜ್, ಅಂದರೆ ಟೂಲ್ ಬಿಗಿಯುವ ಚಪ್ಪಟೆ ಮುಖ, ಐಎಸ್‌ಒ 9409-1 ಮಾನದಂಡದ್ದು. 50 ಮಿಮೀ ವ್ಯಾಸದ ವೃತ್ತದ ಮೇಲೆ ನಾಲ್ಕು ಎಂ6 (6 ಮಿಮೀ ಬೋಲ್ಟಿನ) ತೂತು, ಜೊತೆಗೆ 6 ಮಿಮೀ ಪಿನ್ನಿಗೆ ಒಂದು ತೂತು. 8 ಅಥವಾ 10 ಮಿಮೀ ದಪ್ಪದ ಅಲ್ಯೂಮಿನಿಯಂ ಪ್ಲೇಟಿನಲ್ಲಿ ಈ ಅಳತೆಗೆ ಕೊರೆಸಿ. ಲೇಥ್ ಕೆಲಸದವರಿಗೆ ಡ್ರಾಯಿಂಗ್ ಕೊಟ್ಟರೆ ಸಾಕು. ಬೋಲ್ಟ್ ಉದ್ದ ಮಾತ್ರ ತೋಳಿನ ಕೈಪಿಡಿ ನೋಡಿಯೇ ತನ್ನಿ. ಜಾಸ್ತಿ ಉದ್ದ ಬೋಲ್ಟ್ ಒಳಗೆ ತಗುಲಿದರೆ ಫ್ಲಾಂಜ್ ಕೆಡುತ್ತದೆ.

ಸರ್ವೋ ತೋಳಿಗೆ ಕಡೆಯ ಸರ್ವೋದ ಮೇಲೆ 25 ಹಲ್ಲಿನ ದುಂಡು ಲೋಹದ ಹಾರ್ನ್ (ಸರ್ವೋದ ತಿರುಗುವ ದಂಡಕ್ಕೆ ಸಿಕ್ಕಿಸುವ ಬಿಲ್ಲೆ) ಕೂರಿಸಿ. ಜೊತೆಗೆ ಬರುವ ಪ್ಲಾಸ್ಟಿಕ್ ಹಾರ್ನ್ ಬೇಡ, ಅದರ ಹಲ್ಲು ಬೇಗ ಸವೆದು ಟೂಲ್ ಆಡತೊಡಗುತ್ತದೆ. ಹಾರ್ನ್ ಮೇಲೆ ನಾಲ್ಕು ಎಂ3 ಸ್ಕ್ರೂಗಳಿಂದ 40 ಮಿಮೀ ವ್ಯಾಸ, 6 ಮಿಮೀ ದಪ್ಪದ ದುಂಡು ಪ್ಲೇಟ್ ಬಿಗಿಯಿರಿ. ಇದು ತೋಳಿನ ಬದಿಯ ಪ್ಲೇಟ್. ಒಮ್ಮೆ ಕೂರಿಸಿದ ಮೇಲೆ ಇದನ್ನು ಬಿಚ್ಚುವ ಹಾಗಿಲ್ಲ.

ಟೂಲ್ ಬದಿಯ ಪ್ಲೇಟ್ ಅದೇ ಗಾತ್ರದ್ದು. ಎರಡೂ ಒಂದಕ್ಕೊಂದು ಪ್ರತಿ ಸಲವೂ ಒಂದೇ ರೀತಿ ಕೂರಬೇಕು. ಅದಕ್ಕೆ ತೋಳಿನ ಪ್ಲೇಟಿನಲ್ಲಿ 4 ಮಿಮೀ ದಪ್ಪದ ಎರಡು ಸ್ಟೀಲ್ ಪಿನ್ ನಿಲ್ಲಿಸಿ, ಎದುರುಬದುರಾಗಿ. ಟೂಲ್ ಪ್ಲೇಟಿನಲ್ಲಿ ಒಂದು ಪಿನ್ನಿಗೆ ಸರಿಯಾದ ದುಂಡು ತೂತು. ಇನ್ನೊಂದಕ್ಕೆ ದುಂಡು ತೂತು ಮಾಡಬೇಡಿ. ಮೊದಲ ಪಿನ್ನಿನ ದಿಕ್ಕಿಗೆ ಒಂದು ಮಿಲಿಮೀಟರ್ ಹೆಚ್ಚು ಉದ್ದವಾದ ಗೂಡು ಮಾಡಿ. ಎರಡೂ ದುಂಡು ಮಾಡಿದರೆ ಪಿನ್ನುಗಳ ನಡುವಿನ ಅಂತರ ಕೂದಲೆಳೆಯಷ್ಟು ಹೆಚ್ಚುಕಡಿಮೆ ಆದರೂ ಟೂಲ್ ಕೂರುವುದಿಲ್ಲ, ಕೂತರೆ ಕಚ್ಚಿಕೊಳ್ಳುತ್ತದೆ. ಗೂಡಿದ್ದರೆ ಮೊದಲ ಪಿನ್ ಜಾಗ ಹಿಡಿಯುತ್ತದೆ, ಎರಡನೆಯದು ತಿರುಗುವುದನ್ನಷ್ಟೇ ತಡೆಯುತ್ತದೆ.

ಎರಡೂ ಪ್ಲೇಟಿಗೆ 10 ಮಿಮೀ ಅಗಲ, 3 ಮಿಮೀ ದಪ್ಪದ ಮೂರು ಮೂರು ನಿಯೋಡಿಮಿಯಂ ಆಯಸ್ಕಾಂತ ಅಂಟಿಸಿ. ಅಂಟಿಸುವ ಮುಂಚೆ ಯಾವ ಮುಖ ಯಾವುದನ್ನು ಎಳೆಯುತ್ತದೆ ಅಂತ ಮಾರ್ಕರ್‌ನಲ್ಲಿ ಗುರುತು ಹಾಕಿ. ಆಯಸ್ಕಾಂತ ಇರುವುದು ಟೂಲನ್ನು ಹತ್ತಿರ ತಂದು ಕೂರಿಸಲು ಮಾತ್ರ. ಹಿಡಿದಿಡುವ ಕೆಲಸಕ್ಕೆ ಅಂಚಿನಲ್ಲಿ ಒಂದು ಎಂ4 ಕೈತಿರುಪು ಸ್ಕ್ರೂ ಇರಲೇಬೇಕು. ತೋಳು ರಭಸದಿಂದ ತಿರುಗಿದಾಗ ಬರೀ ಆಯಸ್ಕಾಂತ ನಂಬಿದರೆ ಟೂಲ್ ಹಾರಿ ಹೋಗುತ್ತದೆ.

ಪ್ರಿಂಟ್ ಮಾಡುವುದು, ಕತ್ತರಿಸುವುದು

3ಡಿ ಪ್ರಿಂಟರ್ ಇದ್ದರೆ ಕೆಲಸ ಸುಲಭ. ಅದಕ್ಕೆ ಹಾಕುವ ಪ್ಲಾಸ್ಟಿಕ್ ಎಳೆಗೆ ಫಿಲಮೆಂಟ್ ಅನ್ನುತ್ತಾರೆ; ಪಿಎಲ್‌ಎ, ಪೆಟ್‌ಜಿ, ಟಿಪಿಯು ಅದರ ಬಗೆಗಳು. ಪಿಎಲ್‌ಎ ಸುಮಾರು 60 ಡಿಗ್ರಿಗೆ ಮೆತ್ತಗಾಗುತ್ತದೆ. ಜನವರಿ, ಫೆಬ್ರವರಿಯಲ್ಲಿ ಕಣದ ಬಿಸಿಲಿಗೆ ಕಪ್ಪು ಪಿಎಲ್‌ಎ ಟೂಲ್ ಇಟ್ಟರೆ, ಅಥವಾ ಗಾಜು ಮುಚ್ಚಿದ ಜೀಪಿನಲ್ಲಿ ಬಿಟ್ಟರೆ, ಸೊಟ್ಟಗಾಗುತ್ತದೆ. ಪೆಟ್‌ಜಿ ಸುಮಾರು 80 ಡಿಗ್ರಿಯವರೆಗೆ ತಡೆಯುತ್ತದೆ, ಪ್ಲೇಟುಗಳಿಗೆ ಅದೇ ಇರಲಿ. ಹೊರಗೋಡೆ ನಾಲ್ಕು ಸುತ್ತು, ಒಳತುಂಬು 30ರಿಂದ 40 ಶೇಕಡಾ. ಅದಕ್ಕಿಂತ ಮುಖ್ಯ ಮಲಗಿಸುವ ದಿಕ್ಕು. ಪದರಗಳು ಒಂದರಿಂದೊಂದು ಬಿಟ್ಟುಕೊಳ್ಳುವ ಕಡೆಗೆ ಭಾರ ಬೀಳಬಾರದು. ಬೆರಳನ್ನು ನಿಲ್ಲಿಸಿ ಪ್ರಿಂಟ್ ಮಾಡಿದರೆ ಬುಡದಲ್ಲಿ ಪಟ್ಟನೆ ಮುರಿಯುತ್ತದೆ, ಮಲಗಿಸಿ ಮಾಡಿದರೆ ಬಾಳಿಕೆ ಬರುತ್ತದೆ.

ಎಂ3 ಸ್ಕ್ರೂ ಸಲೀಸಾಗಿ ಹೋಗಲು ಡ್ರಾಯಿಂಗ್‌ನಲ್ಲಿ 3.3 ಮಿಮೀ ತೂತು ಕೊಡಿ. ಎಂ3 ನಟ್ ಕೂರಿಸುವ ಗೂಡಿಗೆ ನಟ್ಟಿನ ಎದುರುಬದಿಗಳ ಅಗಲ 5.5 ಮಿಮೀ, ದಪ್ಪ 2.4 ಮಿಮೀ. ಗೂಡು ಎಲ್ಲ ಕಡೆ 0.2 ಮಿಮೀ ದೊಡ್ಡದಿರಲಿ. ಪ್ಲಾಸ್ಟಿಕ್ಕಿಗೇ ನೇರ ಸ್ಕ್ರೂ ಹಾಕಿದರೆ ನಾಲ್ಕಾರು ಸಲ ಬಿಚ್ಚುವಷ್ಟರಲ್ಲಿ ತಿರುಪಿನ ಸುತ್ತು ಸವೆದು ಹೋಗುತ್ತದೆ. ನಟ್ ಹಾಕಿ, ಇಲ್ಲವೇ ಸೋಲ್ಡರಿಂಗ್ ಕಬ್ಬಿಣದಿಂದ ಬಿಸಿ ಮಾಡಿ ಇಳಿಸುವ ಹಿತ್ತಾಳೆ ಇನ್ಸರ್ಟ್ ಹಾಕಿ.

ಕೊಡಗಿನ ಮಳೆಗಾಲ ಫಿಲಮೆಂಟಿಗೆ ಶತ್ರು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತೆರೆದಿಟ್ಟ ಸುರುಳಿ ತೇವ ಹೀರಿಕೊಳ್ಳುತ್ತದೆ. ಪ್ರಿಂಟ್ ಆಗುವಾಗ ಚಟಪಟ ಸದ್ದು, ಎಳೆ ಎಳೆ ನೂಲು, ಒರಟು ಮೇಲ್ಮೈ ಕಂಡರೆ ತೇವ ಅಂತಲೇ ತಿಳಿಯಿರಿ. ಪಿಎಲ್‌ಎ ಸುಮಾರು 45ರಿಂದ 50 ಡಿಗ್ರಿಯಲ್ಲಿ, ಪೆಟ್‌ಜಿ 65ರಲ್ಲಿ ನಾಲ್ಕರಿಂದ ಆರು ಗಂಟೆ ಒಣಗಿಸಿ, ಸಿಲಿಕಾ ಜೆಲ್ ಹಾಕಿದ ಬಿಗಿ ಡಬ್ಬದಲ್ಲಿಡಿ. ರಬ್ಬರಿನಂತೆ ಬಾಗುವ ಟಿಪಿಯು ಇನ್ನೂ ಬೇಗ ತೇವ ಹೀರುತ್ತದೆ.

ಪ್ರಿಂಟರ್ ಇಲ್ಲವೇ? 3 ಮಿಮೀ ಅಲ್ಯೂಮಿನಿಯಂ ಪಟ್ಟಿ, ಎಲ್ ಆಂಗಲ್, ಹ್ಯಾಕ್ಸಾ, ಡ್ರಿಲ್, ಅರ. ಇಷ್ಟರಲ್ಲೇ ಪ್ಲೇಟೂ ಆಗುತ್ತದೆ, ಇಕ್ಕಳವೂ ಆಗುತ್ತದೆ.

ಮೊದಲ ಟೂಲ್: ಬೀಜ ಎತ್ತುವ ಗಾಳಿ ಬಟ್ಟಲು

ಬೇಕಾದದ್ದು 12 ವೋಲ್ಟಿನ ಸಣ್ಣ ಡಯಾಫ್ರಾಮ್ ವ್ಯಾಕ್ಯೂಮ್ ಪಂಪ್, ಮೂರು ಬಾಯಿಯ ಸೊಲೆನಾಯ್ಡ್ ವಾಲ್ವ್ (ಕರೆಂಟಿನಿಂದ ತೆರೆದು ಮುಚ್ಚುವ ವಾಲ್ವ್), ಒಮ್ಮುಖ ವಾಲ್ವ್, ಸಿಲಿಕೋನ್ ಪೈಪು, ಮತ್ತು ಮಡಿಕೆ ಇರುವ ಸಿಲಿಕೋನ್ ಬಟ್ಟಲು.

ಬಟ್ಟಲಿನ ಶಕ್ತಿ ಅಂದರೆ ಒತ್ತಡದ ವ್ಯತ್ಯಾಸ ಗುಣಿಸು ಬಟ್ಟಲಿನ ವಿಸ್ತೀರ್ಣ. 20 ಮಿಮೀ ಬಟ್ಟಲಿನ ವಿಸ್ತೀರ್ಣ 314 ಚದರ ಮಿಮೀ. 60 ಕಿಲೋಪ್ಯಾಸ್ಕಲ್ ವ್ಯತ್ಯಾಸ ಸಿಕ್ಕರೆ ಸುಮಾರು 19 ನ್ಯೂಟನ್, ಅಂದರೆ ಕಾಗದದ ಮೇಲೆ ಸುಮಾರು 1.9 ಕೆಜಿ. ನೇರ ಮೇಲಕ್ಕೆ ಎತ್ತುವಾಗ ಇದರ ಅರ್ಧ ಮಾತ್ರ ನಂಬಿ. ಬದಿಯಿಂದ ಹಿಡಿದು ಎತ್ತುವಾಗ ಕಾಲು ಭಾಗ.

ಇಲ್ಲಿ ನಮ್ಮ ಊರಿನ ಎತ್ತರದ ವಿಷಯ ಬರುತ್ತದೆ. ಪಂಪಿನ ಪೆಟ್ಟಿಗೆಯ ಮೇಲೆ ಬರೆದ ಅಂಕಿ ಸಾಮಾನ್ಯವಾಗಿ ಸಮುದ್ರಮಟ್ಟದ್ದು. ಬಟ್ಟಲನ್ನು ವಸ್ತುವಿಗೆ ಒತ್ತುವುದು ಹೊರಗಿನ ಗಾಳಿ. ಸಮುದ್ರಮಟ್ಟದಲ್ಲಿ ಅದರ ಒತ್ತಡ ಸುಮಾರು 101 ಕಿಲೋಪ್ಯಾಸ್ಕಲ್. ಸುಮಾರು 1,150 ಮೀಟರ್ ಎತ್ತರದ ಮಡಿಕೇರಿಯಲ್ಲಿ ಅದು 88ರ ಆಸುಪಾಸು. ಅದೇ ಪಂಪು, ಅದೇ ಬಟ್ಟಲು, ಆದರೆ ಹಿಡಿತ ನೂರಕ್ಕೆ ಹದಿಮೂರರಷ್ಟು ಕಡಿಮೆ. ಮೇಲೆ ಹೇಳಿದ 19 ನ್ಯೂಟನ್ ಇಲ್ಲಿ ಸುಮಾರು 16.5 ಆಗುತ್ತದೆ. ಮಂಗಳೂರಿನ ಗೆಳೆಯರ ಲ್ಯಾಬ್‌ನಲ್ಲಿ ಚೆನ್ನಾಗಿ ಎತ್ತಿದ ಟೂಲ್ ಮಡಿಕೇರಿಯಲ್ಲಿ ಜಾರಿಸಿದರೆ ಪಂಪನ್ನು ದೂರಬೇಡಿ, ಬಟ್ಟಲನ್ನು ಒಂದು ಅಳತೆ ದೊಡ್ಡದು ಮಾಡಿ.

ಕಾಫಿ ಬೀಜಕ್ಕೆ 5 ಮಿಮೀ ಬಟ್ಟಲು ಸಾಕು. 40 ಕಿಲೋಪ್ಯಾಸ್ಕಲ್‌ನಲ್ಲೂ ಅದು ಸುಮಾರು 80 ಗ್ರಾಂ ಎತ್ತಬಲ್ಲದು, ಬೀಜವೋ ಒಂದು ಗ್ರಾಮಿನ ಸಣ್ಣ ಭಾಗ. ಹಾಗಾಗಿ ಶಕ್ತಿ ಇಲ್ಲಿ ಸಮಸ್ಯೆಯೇ ಅಲ್ಲ, ಸೋರಿಕೆ ಸಮಸ್ಯೆ. ಬೀಜದ ಚಪ್ಪಟೆ ಬದಿಯ ನಡುವೆ ಗೀರು ಇದೆ ಅಲ್ವಾ, ಆ ಗೀರಿನಿಂದ ಗಾಳಿ ಒಳಗೆ ಬರುತ್ತದೆ. ಉಬ್ಬು ಬದಿ ಮೇಲಾಗಿ ಬಿದ್ದ ಬೀಜ ಸಲೀಸಾಗಿ ಅಂಟುತ್ತದೆ. ಬೀಜ ಹರಡುವ ತಟ್ಟೆಯನ್ನು ಸ್ವಲ್ಪ ಅಲುಗಾಡಿಸಿದರೆ ಹೆಚ್ಚಿನ ಬೀಜ ಚಪ್ಪಟೆ ಬದಿ ಕೆಳಗಾಗಿಯೇ ಕೂರುತ್ತವೆ. ತಟ್ಟೆಗೆ ಒಂದು ಸಣ್ಣ ಕಂಪನ ಮೋಟಾರ್ ಕಟ್ಟಿದರೆ ಅರ್ಧ ಕೆಲಸ ಆದಂತೆ. ತಟ್ಟೆಯ ತಳಕ್ಕೆ ತೆಳು ರಬ್ಬರ್ ಹಾಸಿ. ಗಟ್ಟಿ ತಳವಾದರೆ ಬಟ್ಟಲು ಒತ್ತಿದ ಕೂಡಲೇ ಬೀಜ ಚಿಮ್ಮುತ್ತದೆ.

ಪೈಪಿನ ದಾರಿಯಲ್ಲಿ ಹತ್ತಿ ಅಥವಾ ತೆಳು ಬಟ್ಟೆಯ ಸಣ್ಣ ಫಿಲ್ಟರ್ ಇಡಿ. ಪಾರ್ಚ್‌ಮೆಂಟಿನ (ಬೀಜದ ಮೇಲಿನ ಒಣ ಹೊಟ್ಟಿನ) ಸಿಪ್ಪೆಪುಡಿ ಪಂಪಿನ ಒಳಗೆ ಹೋದರೆ ಅದರ ಒಳಗಿನ ವಾಲ್ವ್ ಸರಿಯಾಗಿ ಮುಚ್ಚಿಕೊಳ್ಳುವುದಿಲ್ಲ, ವ್ಯಾಕ್ಯೂಮ್ ಬರುವುದೇ ನಿಲ್ಲುತ್ತದೆ. ಮೂರು ಬಾಯಿಯ ವಾಲ್ವ್ ಬೇಕಾಗುವುದು ಬೀಜ ಬಿಡಲು. ಪಂಪ್ ನಿಲ್ಲಿಸಿದರೂ ಪೈಪಿನಲ್ಲಿ ವ್ಯಾಕ್ಯೂಮ್ ಉಳಿದು ಬೀಜ ಅಂಟಿಯೇ ಇರುತ್ತದೆ. ವಾಲ್ವ್ ಹೊರಗಾಳಿಯನ್ನು ಒಳಗೆ ಬಿಟ್ಟ ಕ್ಷಣ ಅದು ಬೀಳುತ್ತದೆ.

ಎರಡನೆಯದು: ಮೆದು ಬೆರಳು

ಹಣ್ಣಿಗೆ, ಸಸಿಗೆ ಇದೇ ಸರಿ. ಎರಡು ಬೆರಳು, ಒಂದಕ್ಕೊಂದು ಕಚ್ಚಿದ ಎರಡು ಗೇರ್, ಒಂದು ಎಸ್‌ಜಿ90 ಸರ್ವೋ. ಸರ್ವೋ ತೂಕ 9 ಗ್ರಾಂ ಅಷ್ಟೇ. ಗೇರ್ ಮತ್ತು ಚೌಕಟ್ಟು ಪೆಟ್‌ಜಿಯಲ್ಲಿ, ಬೆರಳು ಮಾತ್ರ 95ಎ ಗಡಸುತನದ ಟಿಪಿಯುನಲ್ಲಿ.

ಬೆರಳಿನ ಆಕಾರಕ್ಕೆ ಫಿನ್ ರೇ ವಿನ್ಯಾಸ ಬಳಸಿ. ಉದ್ದನೆಯ ತ್ರಿಕೋನ, ಒಳಗೆ ಏಣಿಯ ಮೆಟ್ಟಿಲಿನಂತೆ ಅಡ್ಡಪಟ್ಟಿಗಳು. ಮೀನಿನ ರೆಕ್ಕೆಯ ರಚನೆಯಿಂದ ಬಂದ ವಿನ್ಯಾಸ ಇದು. ನಡುವೆ ಒತ್ತಿದರೆ ತುದಿ ಹಿಂದಕ್ಕೆ ಹೋಗದೆ ಒತ್ತಿದ ವಸ್ತುವಿನ ಕಡೆಗೇ ಬಾಗಿ ಸುತ್ತಿಕೊಳ್ಳುತ್ತದೆ. 60 ಮಿಮೀ ಉದ್ದ, ಹೊರಗೋಡೆ 1.5 ಮಿಮೀ, ಒಳಪಟ್ಟಿ 1 ಮಿಮೀಯಿಂದ ಶುರು ಮಾಡಿ.

ಎಷ್ಟು ಒತ್ತಬೇಕು? 150 ಗ್ರಾಂ ಕಿತ್ತಳೆಯ ಭಾರ ಸುಮಾರು 1.5 ನ್ಯೂಟನ್. ರಬ್ಬರ್ ತರಹದ ಮೇಲ್ಮೈಗೆ ಘರ್ಷಣೆ 0.5 ಅಂತ ಹಿಡಿದರೆ, ಎರಡು ಬೆರಳು ಸೇರಿ ಹೊರಲು ಒಂದೊಂದೂ 1.5 ನ್ಯೂಟನ್ ಒತ್ತಬೇಕು. ತೋಳು ಚಲಿಸುವಾಗಿನ ಅದಿರಾಟಕ್ಕೆ ದುಪ್ಪಟ್ಟು ಹಿಡಿಯಿರಿ, 3 ನ್ಯೂಟನ್. ತಕ್ಕಡಿಯ ಮೇಲೆ ಬೆರಳಿನಿಂದ ಒತ್ತಿ 300 ಗ್ರಾಂ ತೋರಿಸಿದರೆ ಎಷ್ಟಾಗುತ್ತದೋ ಅಷ್ಟೇ. ಕೊಡಗಿನ ಕಿತ್ತಳೆಯ ಸಿಪ್ಪೆ ತೊಳೆಗಳಿಗೆ ಅಂಟಿರುವುದಿಲ್ಲ, ಸಡಿಲ. ಜಾಸ್ತಿ ಒತ್ತಿದರೆ ಸಿಪ್ಪೆ ಒಳಗೆ ಜಗ್ಗುತ್ತದೆ, ಹಣ್ಣು ಪೆಟ್ಟಿಗೆಯಲ್ಲೇ ಕೊಳೆಯತೊಡಗುತ್ತದೆ.

ಸರ್ವೋಗೆ ಪೂರ್ತಿ ಮುಚ್ಚು ಅಂತ ಆಜ್ಞೆ ಕೊಡಬೇಡಿ. ಮುಟ್ಟಿದ ಕೋನಕ್ಕಿಂತ ಮೂರು ನಾಲ್ಕು ಡಿಗ್ರಿ ಮುಂದಕ್ಕೆ ಸಾಕು. ಟಿಪಿಯು ಬೆರಳೇ ಸ್ಪ್ರಿಂಗಿನಂತೆ ಒತ್ತಿಕೊಂಡಿರುತ್ತದೆ. ಸರ್ವೋ ಗುಂಯ್ ಅನ್ನುತ್ತಲೇ ಇದ್ದರೆ ಅದು ತಲುಪಲಾಗದ ಕೋನಕ್ಕೆ ತಳ್ಳುತ್ತಿದೆ, ಸ್ವಲ್ಪ ಹೊತ್ತಿಗೆ ಸುಡುತ್ತದೆ.

ಟೋಪಿ ಹಂತದ (ಮೊಳೆತ ಬೀಜವನ್ನು ಇನ್ನೂ ತಲೆಯ ಮೇಲೆ ಹೊತ್ತಿರುವ) ಕಾಫಿ ಸಸಿಗೂ ಇದೇ ಬೆರಳು ಆಗುತ್ತದೆ, ಆದರೆ ಕಾಂಡವನ್ನಷ್ಟೇ ಹಿಡಿಯಬೇಕು. ತಾಯಿಬೇರು ಬಾಗಿದರೆ ಗಿಡದ ಮುಂದಿನ ಬದುಕೇ ಹಾಳು. ತಾಯಿಬೇರು ನೇರವಾಗಿ ಇಳಿಯುವಂತೆ ಕುಳಿಯನ್ನು ಕೈಯಿಂದ ಮಾಡಿಟ್ಟು, ಇಳಿಸುವುದನ್ನು ಮಾತ್ರ ತೋಳಿಗೆ ಬಿಡಿ.

ಮೂರನೆಯದು: ಕಾಫಿಪುಡಿ ಬಲೂನು

ಇದು ನನಗೆ ಅತಿ ಇಷ್ಟದ ಟೂಲ್. ಕೊಡಗಿನ ಮಕ್ಕಳಿಗೆ ರೋಬೋಟಿಕ್ಸ್ ತೋರಿಸಬೇಕಾದರೆ ಇದರಿಂದಲೇ ಶುರು ಮಾಡಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

2010ರಲ್ಲಿ ಅಮೆರಿಕದ ಶಿಕಾಗೋ ವಿಶ್ವವಿದ್ಯಾಲಯ, ಕಾರ್ನೆಲ್ ವಿಶ್ವವಿದ್ಯಾಲಯ ಮತ್ತು ಐರೋಬಾಟ್ ಕಂಪನಿಯ ಸಂಶೋಧಕರು ಸೇರಿ ಬೆರಳೇ ಇಲ್ಲದ ಒಂದು ಹಿಡಿಯನ್ನು ತೋರಿಸಿದರು. ರಬ್ಬರ್ ಬಲೂನಿನೊಳಗೆ ಕಾಫಿಪುಡಿ. ಅದನ್ನು ವಸ್ತುವಿನ ಮೇಲೆ ಒತ್ತಿದರೆ ಪುಡಿ ಹರಿದು ವಸ್ತುವನ್ನು ಸುತ್ತುವರಿಯುತ್ತದೆ. ಒಳಗಿನ ಗಾಳಿ ಎಳೆದುಬಿಟ್ಟರೆ ಪುಡಿಯ ಕಣಗಳು ಒಂದಕ್ಕೊಂದು ಬಿಗಿದು ಕಲ್ಲಿನಂತೆ ಗಟ್ಟಿಯಾಗುತ್ತವೆ. ಒಟ್ಟು ಗಾತ್ರ ಅರ್ಧ ಶೇಕಡಾಕ್ಕಿಂತ ಕಡಿಮೆ ಕುಗ್ಗಿದರೂ ಹಿಡಿತ ಸಾಕಾಗುತ್ತದೆ ಅಂತ ಅವರು ಕಂಡುಕೊಂಡರು. ಕಾಫಿಪುಡಿಯ ಕಣ ಹಗುರ, ಅಂಚು ಮೊನಚು, ಆದ್ದರಿಂದ ಬೇಗ ಬಿಗಿಯುತ್ತದೆ. ರಾಗಿ, ಸಾಸಿವೆಯಂಥ ದುಂಡು ಕಾಳು ಹಾಕಿದರೆ ಒಂದರ ಮೇಲೊಂದು ಜಾರುತ್ತವೆ, ತೂಕವೂ ಜಾಸ್ತಿ.

ಮಾಡುವ ಬಗೆ ಹೀಗೆ. ಕಾಫಿಪುಡಿಯಲ್ಲಿ ಚಿಕೋರಿ ಇರಲೇಬಾರದು. ಚಿಕೋರಿ ತೇವ ಹೀರಿ ಅಂಟಂಟಾಗುತ್ತದೆ, ಬಲೂನು ಒಂದೇ ಉಂಡೆಯಾಗಿಬಿಡುತ್ತದೆ. ತೀರಾ ಕಪ್ಪಗೆ ಹುರಿದದ್ದೂ ಬೇಡ, ಎಣ್ಣೆ ಬಿಟ್ಟಿರುತ್ತದೆ, ಎಣ್ಣೆ ರಬ್ಬರಿಗೆ ಆಗದು. ಮಧ್ಯಮ ಹುರಿದ, ಸ್ವಲ್ಪ ತರಿಯಾಗಿ ಬೀಸಿದ ಶುದ್ಧ ಪುಡಿ ತನ್ನಿ. ತಟ್ಟೆಯಲ್ಲಿ ಹರಡಿ ಬಿಸಿಲಿಗೋ ಬೆಚ್ಚಗಿನ ಬಾಣಲೆಗೋ ಇಟ್ಟು ತೇವ ಕಳೆಯಿರಿ.

ಹುಟ್ಟುಹಬ್ಬದ ಸಾದಾ ಬಲೂನಿಗೆ ಆಲಿಕೆ ಇಟ್ಟು ಪುಡಿ ತುಂಬಿ. ಸುಮಾರು 7 ಸೆಂಮೀ ಉಂಡೆಯಾದರೆ ಸಾಕು, ಆಗ ಪುಡಿಯ ತೂಕ ಸುಮಾರು 70 ಗ್ರಾಂ. ಬಲೂನು ಬಿಗಿಯಾಗುವಷ್ಟು ತುಂಬಬೇಡಿ. ಗಾಳಿ ಇದ್ದಾಗ ಕೈಯಲ್ಲಿ ಹಿಸುಕಿದರೆ ಮೆತ್ತಗೆ ಹರಿದಾಡಬೇಕು. ಟೂಲ್ ಪ್ಲೇಟಿನ ಕೆಳಗೆ 50 ಮಿಮೀ ಬಾಯಿಯ ಬಟ್ಟಲಿನಂಥ ಕೊಳವೆ ಪ್ರಿಂಟ್ ಮಾಡಿ. ಬಲೂನಿನ ಬಾಯಿಯನ್ನು ಅದರ ಒಳಗಿನಿಂದ ತಂದು ಅಂಚಿನ ಮೇಲೆ ಮಗುಚಿ, ಜಿಪ್ ಟೈ ಬಿಗಿಯಿರಿ. ಬಲೂನಿನ ಮೇಲರ್ಧ ಈ ಬಟ್ಟಲಿನೊಳಗೆ ಕೂತಿರಬೇಕು. ಆಸರೆ ಇಲ್ಲದಿದ್ದರೆ ಒತ್ತುವಾಗ ಪುಡಿ ಬದಿಗೆ ಓಡುತ್ತದೆ, ವಸ್ತುವಿನ ಸುತ್ತ ಬರುವುದಿಲ್ಲ. ಪೈಪು ಸೇರುವ ಬಾಯಿಗೆ ಎರಡು ಪದರ ಮಸ್ಲಿನ್ ಬಟ್ಟೆ ಕಟ್ಟಲೇಬೇಕು, ಇಲ್ಲವಾದರೆ ಪುಡಿ ಪಂಪ್ ಸೇರುತ್ತದೆ.

ಬಳಸುವಾಗ ನೇರ ಮೇಲಿನಿಂದ ನಿಧಾನವಾಗಿ ಇಳಿಸಿ. ವಸ್ತುವಿನ ಎತ್ತರದ ಅರ್ಧದಷ್ಟಾದರೂ ಬಲೂನು ಮುಚ್ಚಬೇಕು. ಪಂಪ್ ಹಾಕಿ ಒಂದೆರಡು ಸೆಕೆಂಡ್ ಕಾಯಿರಿ, ಆಮೇಲೆ ಎತ್ತಿ. ಬಿಡುವಾಗ ವಾಲ್ವ್ ತೆರೆದು ಗಾಳಿ ಒಳಗೆ ಬಿಡಿ. ಮುಂದಿನ ವಸ್ತುವಿಗೆ ಹೋಗುವ ಮುನ್ನ ಬಲೂನು ಮತ್ತೆ ದುಂಡಗಾಗಬೇಕು. ಖಾಲಿ ಮೇಜಿನ ಮೇಲೆ ಮೆಲ್ಲಗೆ ಒಮ್ಮೆ ಒತ್ತಿಸಿದರೆ ಆಗುತ್ತದೆ. ಪಂಪಿನ ಇನ್ನೊಂದು ಬಾಯಿಯಿಂದ ಒಂದು ಉಫ್ ಗಾಳಿ ಕೊಟ್ಟರೆ ಇನ್ನೂ ಚೆನ್ನ.

ಸ್ಪಾನರ್, ಬೋಲ್ಟ್, ಜಾಯಿಕಾಯಿ, ಸಣ್ಣ ಬಾಟಲಿ, ಮುಚ್ಚಳ, ಆಟದ ಸಾಮಾನು, ಏನು ಕೊಟ್ಟರೂ ಹಿಡಿಯುತ್ತದೆ. ಮೇಜಿಗೆ ಅಂಟಿದಂತೆ ಮಲಗಿದ ನಾಣ್ಯ, ಕಾಗದ, ಹತ್ತಿಯಂಥ ಮೆದು ವಸ್ತು, ಬಲೂನಿನಷ್ಟೇ ದೊಡ್ಡ ಹಣ್ಣು ಇದಕ್ಕೆ ಆಗುವುದಿಲ್ಲ. ಪುಡಿ, ಬಟ್ಟಲು, ಪ್ಲೇಟು ಎಲ್ಲ ಸೇರಿ 100 ಗ್ರಾಂ ದಾಟುವುದರಿಂದ ಮೇಲೆ ಲೆಕ್ಕ ಹಾಕಿದ ಎಂಜಿ996ಆರ್ ತೋಳಿಗೆ ಭಾರವಾಗುತ್ತದೆ. 250 ಗ್ರಾಂ ಮೇಲಿನ ಪೇಲೋಡ್ ಇರುವ ತೋಳಿಗೆ ಹಾಕಿ, ಅಥವಾ ಸಣ್ಣ ಬಲೂನು ಮಾಡಿ.

ವೈರಿಂಗ್

ಸರ್ವೋಗಳಿಗೆ ಕರೆಂಟನ್ನು ಆರ್ಡುಯಿನೋ ಬೋರ್ಡಿನಿಂದ (ತೋಳಿಗೆ ಆಜ್ಞೆ ಕೊಡುವ ಸಣ್ಣ ಕಂಪ್ಯೂಟರ್ ಬೋರ್ಡು) ಕೊಡಬೇಡಿ. ಒಂದು ಎಂಜಿ996ಆರ್ ಸಿಕ್ಕಿಬಿದ್ದರೆ 2.5 ಆಂಪಿಯರ್ ಎಳೆಯುತ್ತದೆ. 6 ವೋಲ್ಟ್, 10 ಆಂಪಿಯರ್ ಬೇರೆ ಸಪ್ಲೈ ಇರಲಿ, ಅದರ ನೆಗೆಟಿವ್ ಮತ್ತು ಬೋರ್ಡಿನ ಗ್ರೌಂಡ್ ಮಾತ್ರ ಸೇರಿಸಿ. ಇದು ಸೇರಿಸದಿದ್ದರೆ ಸರ್ವೋ ಹುಚ್ಚಾಪಟ್ಟೆ ಆಡುತ್ತದೆ.

ಪಂಪ್ ಮತ್ತು ವಾಲ್ವ್‌ಗೆ ಒಂದೊಂದು ಲಾಜಿಕ್ ಮಟ್ಟದ ಮಾಸ್‌ಫೆಟ್ ಬೇಕು, ಅಂದರೆ ಬೋರ್ಡಿನ ಸಣ್ಣ ಸಂಕೇತದಿಂದಲೇ ದೊಡ್ಡ ಕರೆಂಟನ್ನು ಆನ್ ಆಫ್ ಮಾಡುವ ಬಿಡಿಭಾಗ. ಐಆರ್‌ಎಲ್‌ಜೆಡ್44ಎನ್ ಆಗುತ್ತದೆ. ಎರಡಕ್ಕೂ ಅಡ್ಡಲಾಗಿ 1ಎನ್4007 ಡಯೋಡ್ ಹಾಕಿ. ಮಾಸ್‌ಫೆಟ್‌ನ ಗೇಟ್ ಕಾಲಿನಿಂದ ಗ್ರೌಂಡಿಗೆ 10 ಕಿಲೋಓಮ್ ರೆಸಿಸ್ಟರ್ ಇರಲಿ, ಬೋರ್ಡ್ ಆನ್ ಆಗುವಾಗ ಪಂಪ್ ತಾನಾಗಿ ಶುರುವಾಗುವುದಿಲ್ಲ. ಕೇಬಲ್ ಮತ್ತು ಪೈಪನ್ನು ತೋಳಿನ ಉದ್ದಕ್ಕೂ ಕಟ್ಟಿ, ಪ್ರತಿ ಕೀಲಿನ ಬಳಿ ಸಡಿಲ ಕುಣಿಕೆ ಬಿಡಿ. ತೋಳನ್ನು ಕೈಯಿಂದ ಎಲ್ಲ ಕೊನೆಗಳಿಗೂ ಒಯ್ದು ಎಲ್ಲಿ ಎಳೆಯುತ್ತದೆ ಅಂತ ನೋಡಿ.

ಮಳೆಗಾಲದಲ್ಲಿ ಮರ ಬಿದ್ದು ಲೈನ್ ಹೋಗುವುದು ಇಲ್ಲಿ ಮಾಮೂಲು. ಕರೆಂಟ್ ಹೋದ ಕ್ಷಣ ಸರ್ವೋ ತೋಳು ದಡಕ್ಕನೆ ಕುಸಿಯುತ್ತದೆ. ಒಂದು ಯುಪಿಎಸ್ ಇಡಿ. ಒಮ್ಮುಖ ವಾಲ್ವನ್ನು ಪಂಪಿನ ಪಕ್ಕದಲ್ಲೇ ಹಾಕಿ, ಕರೆಂಟ್ ಇಲ್ಲದಾಗ ಗಾಳಿ ಒಳಗೆ ಬಿಡದ ಹಾಗೆ ಸೊಲೆನಾಯ್ಡ್ ವಾಲ್ವ್ ಜೋಡಿಸಿದರೆ, ವ್ಯಾಕ್ಯೂಮ್ ಕೆಲವು ಸೆಕೆಂಡು ಉಳಿದು ವಸ್ತು ಕೂಡಲೇ ಬೀಳುವುದಿಲ್ಲ.

ತುದಿ ಎಲ್ಲಿದೆ ಅಂತ ತೋಳಿಗೆ ಹೇಳುವುದು

ಟೂಲ್ ಬದಲಿಸಿದಾಗ ಉದ್ದ ಬದಲಾಗುತ್ತದೆ. ತೋಳಿಗೆ ಅದು ಗೊತ್ತಿಲ್ಲ. ಕೆಲಸ ಮಾಡುವ ಬಿಂದುವನ್ನು ಟಿಸಿಪಿ ಅನ್ನುತ್ತಾರೆ. ಬಟ್ಟಲಿಗೆ ಅದರ ಬಾಯಿಯ ನಡು, ಬೆರಳಿಗೆ ಎರಡು ತುದಿಗಳ ನಡುವಿನ ಜಾಗ.

ಕೋಬಾಟ್‌ಗಳಲ್ಲಿ ನಾಲ್ಕು ಬಿಂದುವಿನ ವಿಧಾನ ಇದೆ. ಮೇಜಿನ ಮೇಲೆ ಒಂದು ಮೊನಚಾದ ಮೊಳೆ ಅಲುಗಾಡದಂತೆ ನಿಲ್ಲಿಸಿ. ಟೂಲ್ ತುದಿಯನ್ನು ಆ ಮೊನೆಗೆ ನಾಲ್ಕು ಬೇರೆ ಬೇರೆ ಓರೆಯಲ್ಲಿ ಮುಟ್ಟಿಸಿ, ಪ್ರತಿ ಸಲ ದಾಖಲಿಸಿ. ಓರೆಗಳು ಒಂದಕ್ಕೊಂದು ಚೆನ್ನಾಗಿ ಭಿನ್ನವಾಗಿರಲಿ. ಸುಮ್ನೆ ಐದು ಡಿಗ್ರಿ ಬದಲಿಸಿದರೆ ಲೆಕ್ಕ ತಪ್ಪುತ್ತದೆ. ಬಲೂನಿಗೆ, ಮೆದು ಬೆರಳಿಗೆ ತುದಿ ಬಾಗುವುದರಿಂದ ಅದೇ ಉದ್ದದ ಒಂದು ಗಟ್ಟಿ ಸೂಜಿ ಟೂಲ್ ಪ್ರಿಂಟ್ ಮಾಡಿ ಅದರಿಂದ ಅಳೆಯಿರಿ. ಎಲ್ಲ ಟೂಲಿಗೂ ಒಂದೇ ತರಹದ ಪ್ಲೇಟ್ ಇರುವುದರ ಲಾಭ ಇಲ್ಲಿ ಕಾಣುತ್ತದೆ. ಸರ್ವೋ ತೋಳಾದರೆ ಕ್ಯಾಲಿಪರ್‌ನಲ್ಲಿ ಅಳೆದ ಉದ್ದವನ್ನು ಪ್ರೋಗ್ರಾಮಿನ ಕಡೆಯ ಕೊಂಡಿಯ ಉದ್ದಕ್ಕೆ ಕೂಡಿಸಿ.

ಸರಿಯಾಗಿದೆಯೇ ಅಂತ ನೋಡಲು ತುದಿಯನ್ನು ಮೊಳೆಯ ಮೊನೆಯಲ್ಲಿಟ್ಟು, ಜಾಗ ಬದಲಿಸದೆ ಓರೆ ಮಾತ್ರ ಬದಲಿಸಲು ಹೇಳಿ. ತುದಿ ಮೊನೆಯಲ್ಲೇ ನಿಂತರೆ ಸರಿ. ಸುತ್ತು ಹೊಡೆದರೆ ಮತ್ತೆ ಅಳೆಯಿರಿ. ಟೂಲಿನ ತೂಕ ಮತ್ತು ಭಾರದ ನಡುಬಿಂದುವನ್ನೂ ಸೆಟ್ಟಿಂಗ್‌ನಲ್ಲಿ ತುಂಬಿ. ತಪ್ಪು ತೂಕ ಕೊಟ್ಟರೆ ಕೋಬಾಟ್ ಏನನ್ನೂ ಮುಟ್ಟದೆಯೇ ಡಿಕ್ಕಿಯಾಯಿತು ಅಂತ ನಿಲ್ಲುತ್ತದೆ, ಅಥವಾ ನಿಜವಾದ ಡಿಕ್ಕಿ ಅದಕ್ಕೆ ಗೊತ್ತೇ ಆಗುವುದಿಲ್ಲ.

ಈ ಎಲ್ಲ ಅಂಕಿಗಳನ್ನು, ಅಂದರೆ ತೂಕ, ಉದ್ದ, ಟಿಸಿಪಿ, ಬೆರಳು ತೆರೆಯುವ ಮತ್ತು ಮುಚ್ಚುವ ಕೋನ, ಒಂದು ಚೀಟಿಯಲ್ಲಿ ಬರೆದು ಟೂಲಿಗೇ ಅಂಟಿಸಿ. ಆರು ತಿಂಗಳ ನಂತರ ಬೇರೆ ಯಾರೋ ವಿದ್ಯಾರ್ಥಿ ಅದನ್ನು ಕೈಗೆತ್ತಿಕೊಂಡಾಗ ಕೇಳಲು ನೀವು ಪಕ್ಕದಲ್ಲಿ ಇರಲಿಕ್ಕಿಲ್ಲ.

ಮೊದಲ ಓಟ

ವಸ್ತು ಇಲ್ಲದೆ, ಕಾಲು ಭಾಗ ವೇಗದಲ್ಲಿ, ಮೇಜಿನಿಂದ 5 ಸೆಂಮೀ ಮೇಲೆ ಪೂರ್ತಿ ಚಲನೆ ನಡೆಸಿ. ಆಮೇಲೆ ಎತ್ತರ ಇಳಿಸಿ, ಆಮೇಲೆ ವಸ್ತು ಇಡಿ, ಕೊನೆಗೆ ವೇಗ ಹೆಚ್ಚಿಸಿ. ವಸ್ತುವಿನ ಮೇಲೆ ಓರೆಯಾಗಿ ಬರಬಾರದು. ಮೊದಲು ನೇರ ಮೇಲೆ ಬಂದು ನಿಂತು, ಅಲ್ಲಿಂದ ಕೆಳಗಿಳಿಯಬೇಕು.

ತುರ್ತು ನಿಲುಗಡೆ ಬಟನ್ ಕೈಗೆಟುಕುವಲ್ಲಿ ಇರಲಿ, ಅದು ಮೋಟಾರುಗಳ ಕರೆಂಟನ್ನೇ ಕಡಿಯಬೇಕು. ಆದರೆ ಕಡಿದ ಕೂಡಲೇ ಸರ್ವೋ ತೋಳು ಬೀಳುತ್ತದೆ, ಹಾಗಾಗಿ ಅದರ ಕೆಳಗೆ ಯಾರ ಕೈಯೂ ಇರಬಾರದು. ಕೋಬಾಟ್ ಮನುಷ್ಯರ ಪಕ್ಕದಲ್ಲಿ ಕೆಲಸ ಮಾಡಬಲ್ಲದು ಅನ್ನುವುದು ತೋಳಿನ ಬಗ್ಗೆ ಹೇಳಿದ ಮಾತು. ತುದಿಗೆ ಬ್ಲೇಡೋ ಸೂಜಿಯೋ ಕಟ್ಟಿದ ಮೇಲೆ ಆ ಮಾತು ನಡೆಯುವುದಿಲ್ಲ. ಕಸಿ ಕಟ್ಟುವ ಚಾಕುವನ್ನು ತೋಳಿಗೆ ಹಾಕುವ ಯೋಚನೆ ಇದ್ದರೆ ಸುತ್ತ ಬೇಲಿ ಹಾಕಿ, ಬಾಗಿಲು ತೆರೆದರೆ ನಿಲ್ಲುವ ಸ್ವಿಚ್ ಇಡಿ. ಮಕ್ಕಳಿರುವ ಲ್ಯಾಬ್‌ನಲ್ಲಿ ಅದು ಬೇಡವೇ ಬೇಡ.

ಬೀಜವನ್ನು ಬಣ್ಣ ನೋಡಿ ಆರಿಸಲು ಕ್ಯಾಮೆರಾ ಬೇಕು. ಅದನ್ನು ತುದಿಗೆ ಕಟ್ಟದೆ ತಟ್ಟೆಯ ಮೇಲೆ ಸ್ಟ್ಯಾಂಡಿನಲ್ಲಿ ನಿಲ್ಲಿಸಿ. ತೂಕವೂ ಉಳಿಯುತ್ತದೆ, ಚಿತ್ರವೂ ನಡುಗುವುದಿಲ್ಲ. ಕಿಟಕಿಯ ಬೆಳಕು ಮಂಜು ಕವಿದಂತೆ ಬದಲಾಗುತ್ತಿರುತ್ತದೆ, ಆದ್ದರಿಂದ ತಟ್ಟೆಗೆ ಸ್ವಂತ ಎಲ್‌ಇಡಿ ಬೆಳಕು ಕೊಡಿ.

ಮಳೆಗಾಲದ ಆರೈಕೆ

ಮೇ ಕೊನೆಯ ಹೊತ್ತಿಗೆ ಟೂಲ್‌ಗಳನ್ನೆಲ್ಲ ಒಮ್ಮೆ ಬಿಚ್ಚಿ ನೋಡಿ. ಪಿನ್ನುಗಳಿಗೆ ಹೊಲಿಗೆ ಯಂತ್ರದ ಎಣ್ಣೆ ತೆಳ್ಳಗೆ ಸವರಿ. ನಿಯೋಡಿಮಿಯಂ ಆಯಸ್ಕಾಂತದ ಮೇಲಿನ ಲೇಪ ಕಿತ್ತಿದ್ದರೆ ತೇವಕ್ಕೆ ಪುಡಿಪುಡಿಯಾಗುತ್ತದೆ, ಅದರ ಮೇಲೆ ಒಂದು ಹನಿ ಎಪಾಕ್ಸಿ ಹಚ್ಚಿ. ಬಟ್ಟಲಿನ ಅಂಚನ್ನು ಬೆರಳಲ್ಲಿ ಸವರಿ ಬಿರುಕು ಹುಡುಕಿ, ಇದ್ದರೆ ಬದಲಿಸಿ. ಫಿಲ್ಟರ್ ಬಟ್ಟೆ ಹೊಸದು ಹಾಕಿ.

ಕಾಫಿಪುಡಿ ಬಲೂನನ್ನು ತೋಳಿನ ಮೇಲೆ ಬಿಡಬೇಡಿ. ಬಿಚ್ಚಿ, ಸಿಲಿಕಾ ಜೆಲ್ ಇರುವ ಡಬ್ಬದಲ್ಲಿ, ಬಿಸಿಲು ತಾಗದ ಕಡೆ ಇಡಿ. ಬಳಸುವ ಮುನ್ನ ಕಿವಿಯ ಬಳಿ ಅಲುಗಿಸಿ. ಸರಸರ ಸದ್ದು ಬಂದರೆ ಪುಡಿ ಒಣಗಿದೆ, ಕೆಲಸಕ್ಕೆ ಹಾಕಬಹುದು. ಸದ್ದೇ ಬರದೆ ಮುದ್ದೆಯಂತೆ ಆಡಿದರೆ ಪುಡಿಯನ್ನೂ ಬಲೂನನ್ನೂ ಬದಲಿಸಿ. ತೆಗೆದ ಪುಡಿಯನ್ನು ಗುಲಾಬಿ ಬುಡಕ್ಕೆ ಹಾಕಬಹುದು.